ಕಿಟಕಿಯಾಚೆ ಹೋದ ಹಸಿರು ವೈರು

ಕೆಂಪು ವೈರು ಕೆಂಪಿಗೇ ಹೋಗಬೇಕೋ, ಕಪ್ಪಿಗೆ ಹೋದರೂ ನಡೆಯುತ್ತದೋ? ಸಿದ್ದಾಜಮ್ಮನ ಮನೆಯ ಟೀವಿ ಸ್ಟ್ಯಾಂಡಿನ ಹಿಂದೆ ಮಂಡಿಯೂರಿ ಕೂತ ನಂಜುಂಡೇಶನಿಗೆ ನೆನಪಾಗಲಿಲ್ಲ. ನೆನಪಾಗಲು ಓದಿದ್ದರೆ ತಾನೆ? ಎಲೆಕ್ಟ್ರಾನಿಕ್ಸ್ ಡಿಪ್ಲೊಮಾವನ್ನು ಅರ್ಧಕ್ಕೇ ಬಿಟ್ಟು ಗೊಬ್ಬರದ ಅಂಗಡಿ ಇಟ್ಟವನು ಅವನು. ಈ ಬೆಟ್ಟದೂರು ನಂಜನಾಡಿನಲ್ಲಿ ಯಾರೋ ಒಮ್ಮೆ ‘ಇಂಜಿನಿಯರ್ ಸಾರ್’ ಎಂದರು. ಅವನು ತಿದ್ದಲಿಲ್ಲ. ಅದಾಗಿ ಆರು ವರ್ಷ.

“ಏನ್ ಸಾರ್, ಪೆಟ್ಟಿಗೆ ಉಸಿರೇ ಬಿಡ್ತಿಲ್ಲ?” ಪಕ್ಕದ ಮನೆಯ ಸೆಂಥಿಲ್ ಟೀ ಲೋಟ ಹಿಡಿದು ಸೋಫಾದಲ್ಲಿ ಕಾಲು ಚಾಚಿದ್ದ.

ಸ್ಪೀಕರುಗಳಿಗೆ ಸದ್ದು ಕಳಿಸುವ ರಿಸೀವರ್ ಪೆಟ್ಟಿಗೆಯ ದೀಪಗಳೆಲ್ಲ ಉರಿಯುತ್ತಿದ್ದವು. ಕೋಣೆಯಲ್ಲಿ ಮಾತ್ರ ಸದ್ದಿಲ್ಲ. ಕೆಳಗೆ ಎಲ್ಲೋ ನಾಯಿಗಳು ಬೊಗಳುತ್ತಿದ್ದವು.

“ಸಂಜೆಗೆ ನಮ್ಮ ಮಗಳು ಈಶ್ವರಿ ಮಾವ ಬರ್ತಾರೆ. ಸೋಫಾ ಹಿಂದಿನ ಸ್ಪೀಕರ್ ಎರಡೂ ಹಾಡ್ಬೇಕು ಸಾರ್, ಮರ್ಯಾದೆ ಪ್ರಶ್ನೆ,” ಎಂದರು ಮನೆಯೊಡತಿ ಸಿದ್ದಾಜಮ್ಮ. “ನಾಳೆ ಕ್ಯಾರೆಟ್ ಕೀಳೋದು ಬೇರೆ. ವರ್ಷದ ಬೆಳೆಯೆಲ್ಲ ಹೊಲದಲ್ಲೇ ಇದೆ. ರಂಗಾ, ಹಾಲು ತಗೊಂಬಾ ಹೋಗು.”

ಹೊಲದ ಕಾವಲಿನ ಮುದುಕ ರಂಗ ಹೋಗಲಿಲ್ಲ. ಆ ರಿಸೀವರನ್ನು ಅದುವರೆಗೆ ಮುಟ್ಟುತ್ತಿದ್ದವನು ಅವನೊಬ್ಬನೇ. “ಸಾರ್, ಆ ಬಿ ಅನ್ನೋ ಬಟನ್ನು...”

“ಗೊತ್ತಿರೋರು ಮಾಡ್ತಿದ್ದೀವಲ್ಲ, ರಂಗಣ್ಣ,” ಎಂದ ನಂಜುಂಡೇಶ.

ಹಿಂದಿನ ಸ್ಪೀಕರುಗಳ ವೈರು ಸಿಕ್ಕಿಸಲು ಜಾಗವೇ ಇರಲಿಲ್ಲ. ಅಲ್ಲೊಂದು ಹಸಿರು ವೈರು ಆಗಲೇ ಕೂತಿತ್ತು. ಅದರ ಇನ್ನೊಂದು ತುದಿ ಕಿಟಕಿಯಾಚೆ ಹೋಗಿತ್ತು. ಹಳೇ ಡಿಶ್ಶಿನದ್ದಿರಬೇಕು ಅಂದುಕೊಂಡ.

“ಸಾರ್, ಆ ವೈರು...”

“ಇಂಜಿನಿಯರಿಗೇ ಪಾಠ ಹೇಳ್ತಾನೆ ನೋಡಿ!” ಸೆಂಥಿಲ್ ನಕ್ಕ. ನಂಜುಂಡೇಶನೂ ನಕ್ಕ. ರಂಗ ಹಾಲಿಗೆ ಹೊರಟ.

ನಂಜುಂಡೇಶ ಹಸಿರು ವೈರನ್ನು ಕಿತ್ತು ಹೊರಗೆಸೆದ. ಕೆಳಗಿನ ನಾಯಿಗಳು ಒಮ್ಮೆಲೇ ಸುಮ್ಮನಾದವು. ಅವನು ಗಮನಿಸಲಿಲ್ಲ. ತನ್ನ ವೈರುಗಳನ್ನು ಸಿಕ್ಕಿಸಿ ಎ ಒತ್ತಿದ, ಬಿ ಒತ್ತಿದ, ಕೊನೆಗೆ ಎರಡನ್ನೂ ಒಟ್ಟಿಗೆ ಒತ್ತಿದ.

ಎದುರಿನ ಸ್ಪೀಕರಿನಿಂದೊಂದು ನಾಯಿ ಬೊಗಳಿತು, ಬೆನ್ನ ಹಿಂದಿನವುಗಳಿಂದ ನಾಲ್ಕು! ನಡುವೆ ತಟ್ಟೆ ಬಡಿತ, ‘ಹೋ ಹೋ’ ಎಂಬ ಕೂಗು. ಸೆಂಥಿಲನ ಟೀ ಅವನ ತೊಡೆಯ ಮೇಲೆ ಚೆಲ್ಲಿತು.

“ಅಬ್ಬಾ! ಕಚ್ಚೋಕೆ ಬಂದಂಗಿದೆ ಕ್ವಾಲಿಟಿ!”

ಅಡುಗೆಮನೆಯ ಮಿಕ್ಸಿ ಸದ್ದಿನಲ್ಲಿ ಸಿದ್ದಾಜಮ್ಮನಿಗೆ ಇದೊಂದೂ ಕೇಳಲಿಲ್ಲ. ನಂಜುಂಡೇಶ ಪೆಟ್ಟಿಗೆಯಲ್ಲಿದ್ದ ನಾಯಿ ಸದ್ದಿನ ಪೆನ್‌ಡ್ರೈವ್ ತೆಗೆದು ತನ್ನ ಹಾಡುಗಳದ್ದನ್ನು ಹಾಕಿದ. ಗಾಯಕಿ ಕೋಣೆಯ ನಾಲ್ಕು ಮೂಲೆಯಲ್ಲೂ ನಿಂತು ಹಾಡಿದಳು. ಅವನ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿತು.

ಐದು ಗಂಟೆಗೆ ಈಶ್ವರಿಯ ಮಾವ ಮಾದಯ್ಯ ಬಂದರು. ಚಪ್ಪಲಿ ಬಿಡುತ್ತಲೇ ಹೊಗಳಿದರು: “ಏನ್ ಬೀಗಿತ್ತಿ, ಕೆಳಗಿನ ಹೊಲದ ತುಂಬ ಎಮ್ಮೆ ಸಾಕಿದ್ದೀರಿ! ಒಂದೊಂದೂ ಆನೆಮರಿ ಇದ್ದಂಗವೆ!”

ಸಿದ್ದಾಜಮ್ಮನ ಕೈಯಿಂದ ತಟ್ಟೆ ಜಾರಿತು. ಅವರ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ.

ಎಲ್ಲರೂ ಓಡಿದರು. ಹನ್ನೊಂದು ಕಾಡೆಮ್ಮೆಗಳು ಕೊನೆಯ ಪಾತಿಯನ್ನು ಮುಗಿಸಿ ನಿಧಾನವಾಗಿ ಕಣಿವೆಯ ಸೋಲೆ ಕಾಡಿನೊಳಗೆ ಇಳಿಯುತ್ತಿದ್ದವು. ಹಸಿರು ವೈರು ತಲುಪುತ್ತಿದ್ದ ಹೊಲದ ನಡುವಿನ ಕಂಬದಲ್ಲಿ, ನಾಯಿ ಸದ್ದಿನಿಂದ ಕಾಡೆಮ್ಮೆ ಓಡಿಸುತ್ತಿದ್ದ ಸ್ಪೀಕರು ಮೂಕವಾಗಿ ನೇತಾಡುತ್ತಿತ್ತು.

“ರಂಗಾ! ನಿನ್ನ ನಾಯಿ ಸದ್ದು ಯಾಕೋ ನಿಂತೋಯ್ತು? ಬೆಳಿಗ್ಗೆಯಿಂದ ಬೊಗಳ್ತಿತ್ತಲ್ಲೋ!” ಸಿದ್ದಾಜಮ್ಮ ಕೂಗಿದರು.

ಹಾಲಿನ ಕ್ಯಾನ್ ಹಿಡಿದ ರಂಗ ಕಿಟಕಿಯ ಕೆಳಗೆ ಬಿದ್ದಿದ್ದ ಹಸಿರು ವೈರನ್ನು ನೋಡಿದ. ಆಮೇಲೆ ನಂಜುಂಡೇಶನನ್ನು ನೋಡಿದ.

“ಇಲಿ ಕಡಿದಿರ್ಬೇಕು ಅಮ್ಮಾವ್ರೇ.”

“ಇಲಿ ಕಾಯೋಕೂ ಆಗಲ್ವೇನೋ ನಿನಗೆ? ನಾಳೆಯಿಂದ ನೀನು ಬರಬೇಡ. ಸ್ಪೀಕರ್ ಇಂಜಿನಿಯರ್ ಸಾರೇ ನೋಡ್ಕೊಳ್ಳಲಿ. ಅಲ್ವಾ ಸಾರ್?”

ನಂಜುಂಡೇಶ ತಲೆಯಾಡಿಸಿದ. ರಂಗ ಕ್ಯಾನನ್ನು ಜಗಲಿಯ ಮೇಲಿಟ್ಟು ನಡೆದ. ಮನೆಯೊಳಗೆ ಹಾಡು ಇನ್ನೂ ನಾಲ್ಕು ಮೂಲೆಯಿಂದಲೂ ಬರುತ್ತಿತ್ತು.