ಮೂರನೇ ಮಹಡಿಯ ಎಣ್ಣೆನೀರು

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ಅವಳು ಹೇಳಿದರೆ ಉದ್ದವಾಗುತ್ತದೆ. ರಾಜಾಜಿನಗರದ ಈ ಕಟ್ಟಡದಲ್ಲಿ ಕೆಳಗೂ ಒಂದು ಮನೆ ಖಾಲಿ ಇತ್ತು. "ಗಾಳಿ ಬೆಳಕು ಬೇಕು ಕಣೇ" ಎಂದು ಮೂರನೇ ಮಹಡಿ ಹಿಡಿದವನು ನಾನು. ಗಾಳಿ ಬಂತು, ನೀರು ಬರಲಿಲ್ಲ. ಅಂಗಳದ ನಲ್ಲಿಯಿಂದ ಕೊಡ ಹೊತ್ತು ಹತ್ತಬೇಕು. ಇಬ್ಬರೇ ಇದ್ದಾಗ ಹೇಗೋ ನಡೆಯಿತು. ಆಮೇಲೆ ಪಾಪು ಬಂದ. ಅಂಗೈಯಗಲದ ಮನುಷ್ಯನಿಗೆ ಒಂದು ಹಂಡೆ ನೀರು ಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಮಾವನವರು ಪ್ರೀತಿಯಿಂದ ತಂದ ತಳ್ಳುಗಾಡಿ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ವಾಪಸು ಇಳಿದು, ಈಗ ಮೆಟ್ಟಿಲ ಕೆಳಗೆ ನಿಂತಿದೆ. ಅದರಲ್ಲಿ ಬೆಕ್ಕು ಮಲಗುತ್ತದೆ, ಆಗಾಗ ಮರಿಗಳ ಸಮೇತ.

ತವರಿನಿಂದ ಮಗುವಿನೊಡನೆ ಬಂದ ದಿನವೇ ಸರೋಜ ಪಾಪುವಿಗೆ ನೀರು ಹಾಕಲು ಹೆದರಿದಳು. ಎಣ್ಣೆ ಹಚ್ಚಿದ ಮಗು ಮೀನಿನಂತೆ ಜಾರುತ್ತದೆ. ಆಗ ಯಾರೂ ಕರೆಯದೆ ಮೆಟ್ಟಿಲು ಹತ್ತಿ ಬಂದವರು ಕೆಳಮನೆಯ ನೀಲವ್ವಜ್ಜಿ. ಹುಬ್ಬಳ್ಳಿ ಕಡೆಯವರು, ಮಂಡಿನೋವಿನವರು. ಆದರೂ ದಿನಾ ಬೆಳಿಗ್ಗೆ ಬಂದು, ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ, ತಿಕ್ಕಿ ತೀಡಿ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದುಕೊಟ್ಟರೆ ಪಾಪು ಮಧ್ಯಾಹ್ನದವರೆಗೆ ಸದ್ದಿಲ್ಲ. ಸರೋಜಳ ಅಡುಗೆ, ಊಟ, ನಿದ್ದೆ ಎಲ್ಲವೂ ಆ ಎಣ್ಣೆನೀರಿನ ಮೇಲೆ ನಿಂತಿತ್ತು. ಅಜ್ಜಿ ಒಂದು ಲೋಟ ಕಾಫಿಯ ಹೊರತು ಏನನ್ನೂ ಮುಟ್ಟಿದವರಲ್ಲ. ಪಾಪು ಇವತ್ತು ಗುಂಡಗಿದ್ದರೆ ಅದರ ಪುಣ್ಯ ಅವರದು.

ಇಂಥವರನ್ನು ಅಣಕಿಸಬಾರದು. ಆದರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಆಫೀಸಿನಲ್ಲಿ ಮ್ಯಾನೇಜರರ ಕೆಮ್ಮು, ಹೆಂಡತಿಯ ತವರಿನಲ್ಲಿ ಮಾವನವರ ಆಕಳಿಕೆ, ಎಲ್ಲವೂ ಅದರಲ್ಲಿ ಸೇರಿಕೊಂಡಿವೆ. ನನ್ನ ಸ್ವಂತ ಧ್ವನಿ ಯಾವುದೆಂದು ನನಗೇ ಆಗಾಗ ಸಂಶಯ.

ಅವತ್ತು ನಲ್ಲಿಯ ಮುಂದೆ ಕೊಡಗಳ ಸಾಲು. ಎರಡನೇ ಮಹಡಿಯ ರಾಮಣ್ಣ, ನಾನು ದಣಿದ ದಿನ ನನ್ನ ಕೊಡವನ್ನೂ ಹೊರುವ ಪುಣ್ಯಾತ್ಮ, "ಅಜ್ಜಿ ಹತ್ತೋದನ್ನ ಮಾಡು ಗುರು" ಎಂದ. ಮಾಡಿದೆ. ಸೊಂಟಕ್ಕೆ ಕೈ, ಮೆಟ್ಟಿಲಿಗೊಂದು "ಯಪ್ಪಾ ಶಿವನೇ", ತಿರುವಿನಲ್ಲಿ ನಿಂತು "ಈ ಮನಿ ಕಟ್ಟಿದಾಂವಗ ಮೊಣಕಾಲು ಇರ್ಲಿಲ್ಲೇನು?" ಎಲ್ಲರೂ ನಕ್ಕರು. ಆಮೇಲೆ ನಗು ಒಮ್ಮೆಗೇ ನಿಂತಿತು. ತಿರುಗಿ ನೋಡಿದರೆ ಎಣ್ಣೆ ಬಟ್ಟಲು ಹಿಡಿದ ಅಜ್ಜಿ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೇಲೆ ಹಂಡೆಯ ನೀರು ಕಾದು, ಆರಿ, ಮತ್ತೆ ಕಾಯಿತು. ಪಾಪು ಇಡೀ ಕಟ್ಟಡಕ್ಕೆ ಕೇಳುವಂತೆ ಅಳುತ್ತಿದ್ದ. ನಾನು ಅಜ್ಜಿಯ ದನಿಯಲ್ಲಿ "ಯಾಕ ಅಳ್ತಿ, ನನ್ನ ರಾಜಾ" ಎಂದೆ. ಪಾಪು ಅಳು ನಿಲ್ಲಿಸಿ, ನನ್ನ ಮುಖ ನೋಡಿ, ಮೋಸ ತಿಳಿದು, ಇನ್ನಷ್ಟು ಜೋರಾಗಿ ಅತ್ತ.

"ಎಲ್ಲರ ಥರಾನೂ ಮಾತಾಡ್ತೀರಲ್ಲ, ಹೋಗಿ ಒಂದ್ಸಲ ನಿಮ್ಮ ಥರ ಮಾತಾಡಿ ಬನ್ನಿ" ಎಂದು ಸರೋಜ ಮಗುವನ್ನು ನನ್ನ ಕೈಗೆ ಹಾಕಿದಳು.

ಇಳಿದು ಬಾಗಿಲು ತಟ್ಟಿದೆ. "ತಪ್ಪಾಯ್ತು ಅಜ್ಜಿ" ಎಂದಾಗ ಹೊರಟದ್ದು ನನ್ನದೇ ಧ್ವನಿ, ಬಹಳ ಸಣ್ಣದಾಗಿತ್ತು. ಅಜ್ಜಿ ನನ್ನನ್ನು ನೋಡಲಿಲ್ಲ, ಪಾಪುವಿಗೆ ಕೈ ಚಾಚಿದರು. ಅವರ ಬಚ್ಚಲಲ್ಲಿ ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ನನಗೆ ಆಗ ಹೊಳೆಯಿತು: ನೀರೂ ಕೆಳಗೆ, ಅಜ್ಜಿಯೂ ಕೆಳಗೆ. ದಿನಾ ಇಬ್ಬರನ್ನೂ ಮೇಲೆ ಹತ್ತಿಸುತ್ತಿದ್ದೆ. ಇಳಿಸಬೇಕಾಗಿದ್ದದ್ದು ಅಂಗೈಯಗಲದ ಮಗುವನ್ನು. ಆ ಮಂಡಿಗಳನ್ನು ಅಷ್ಟು ಚೆನ್ನಾಗಿ ಅಭ್ಯಾಸ ಮಾಡಿದವನಿಗೆ ಇದೊಂದು ತೋಚಿರಲಿಲ್ಲ.

"ನಾಳೆಯಿಂದ ನಾನೇ ಇವನನ್ನ ಕೆಳಗೆ ತರ್ತೀನಿ ಅಜ್ಜಿ, ನೀವು ಹತ್ತೋದು ಬೇಡ" ಎಂದೆ.

ಅಜ್ಜಿ ಎಣ್ಣೆ ಬಟ್ಟಲನ್ನು ನನ್ನ ಮುಂದಿಟ್ಟರು. "ತರೋದಷ್ಟ ಅಲ್ಲ. ಪ್ಯಾಂಟು ಮಡಚಿ, ಕಾಲು ಚಾಚಿ ಕುಂದ್ರು. ನನ್ನ ದನಿ ನಿನಗ ಬಂದೈತಿ, ಕೈ ಬರ್ತೈತೇನು ನೋಡೂಣು."