ಹಳದಿ, ನಂಬರು ನಲವತ್ತೇಳು

ಆ ಮನುಷ್ಯ ಬರೀ ಬಾಯಿ. ಹೇಳುವುದಷ್ಟೇ ಅವನ ಪಾಲಿನ ಕೆಲಸ. ಮಾಡುವುದು ಉಳಿದವರ ಕರ್ಮ. ಎಂಟು ವರ್ಷದ ಸಂಸಾರದಲ್ಲಿ ಹೆಂಡತಿ ಈ ತೀರ್ಪಿಗೆ ಬಂದಿದ್ದಳು. ಅದನ್ನು ತಿದ್ದುವ ಅಗತ್ಯ ಒಮ್ಮೆಯೂ ಬಂದಿರಲಿಲ್ಲ.

ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸುವುದು ಅವನ ಉದ್ಯೋಗ. ಗಿರಾಕಿ ಗೋಡೆಯಿಂದ ಕೆತ್ತಿ ತಂದ ಚಕ್ಕೆಯನ್ನು ಬೆಳಕಿಗೆ ಹಿಡಿದು, "ಇದು ಶೇಡ್ ನಂಬರು ನೂರಾ ಹನ್ನೆರಡು" ಎಂದರೆ ಮುಗಿಯಿತು, ಅದು ನೂರಾ ಹನ್ನೆರಡೇ! ಅಂಗಡಿಯವರೆಲ್ಲ ಅವನನ್ನು ಶೇಡ್ ಸಾಹೇಬ ಎನ್ನುತ್ತಿದ್ದರು. ಸಾಹೇಬನಿಗೆ ಅದು ತಮಾಷೆಯೆಂದು ಇನ್ನೂ ಹೊಳೆದಿರಲಿಲ್ಲ.

ಅವರ ಐದು ವರ್ಷದ ಪುಟ್ಟಿಗೆ ಮಲಬದ್ಧತೆ. ಮೂರು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾದರೆ ಅದೇ ದೊಡ್ಡದು, ಅದೂ ಅಳುತ್ತಾ. ಮಕ್ಕಳ ಡಾಕ್ಟರಮ್ಮ, "ನೀರು ಚೆನ್ನಾಗಿ ಕುಡಿಸಿ. ಹಣ್ಣು, ಬಗೆಬಗೆ ತರಕಾರಿ ಕೊಡಿ" ಎಂದರು. 'ಬಗೆಬಗೆ' ಎಂಬುದು ಸಾಹೇಬನ ಕಿವಿಗೆ ಬೀಳಲಿಲ್ಲ.

"ಇನ್ಮೇಲೆ ಪುಟ್ಟಿ ಹೊಟ್ಟೆ ನನ್ನ ಜವಾಬ್ದಾರಿ!" ಎಂದು ಸಾರಿದ. "ಬಣ್ಣ ನೋಡಿ ಗುಣ ಹೇಳ್ತೀನಿ. ತರಕಾರೀಲಿ ಗಟ್ಟಿ ಬಣ್ಣ ಯಾವುದು? ಕ್ಯಾರೆಟ್!"

"ನೀವು ಜನ್ಮದಲ್ಲಿ ಕ್ಯಾರೆಟ್ ಮುಟ್ಟಿದವರಲ್ಲ. ವಾಸನೆಗೇ ಎದ್ದು ಹೋಗ್ತೀರಿ."

"ತಿನ್ನೋದು ಅವಳು ಕಣೇ! ಸೇನಾಪತಿ ಎಲ್ಲಾದರೂ ತಾನೇ ಬಂದೂಕು ಹೊರ್ತಾನಾ?"

ಹೆಂಡತಿಗೆ ಬೇಕರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಹಿಟ್ಟು ನಾದಲು ಹೊರಡಬೇಕು. ಹಾಗಾಗಿ ಪುಟ್ಟಿಯ ಬೆಳಗಿನ ತಿಂಡಿ ಸೇನಾಪತಿಯ ವಶವಾಯಿತು. ಮಧ್ಯಾಹ್ನ ಅವಳು ಬಂದು ನೋಡಿದರೆ ದೊಡ್ಡ ಬಟ್ಟಲು ಪ್ರತಿದಿನವೂ ಖಾಲಿ!

"ಅದ್ಹೇಗ್ರೀ ತಿಂತಾಳೆ?"

"ಆಜ್ಞೆ! ಕಣ್ಣು ಹೀಗೆ ಬಿಟ್ರೆ ಸಾಕು."

ಪುಟ್ಟಿಯ ಹೊಟ್ಟೆ ಸರಿಹೋದದ್ದು ನಿಜ. ಸಾಹೇಬನ ಮೀಸೆ ಎರಡಂಗುಲ ಮೇಲೇರಿತು.

ಆರು ವಾರ ಕಳೆಯಿತು. ರಜೆಯ ಬೆಳಗ್ಗೆ ಮಗಳ ಉಗುರು ಕತ್ತರಿಸುತ್ತಿದ್ದವನು ಅವಳ ಅಂಗೈಯನ್ನು ಕಿಟಕಿಗೆ ಹಿಡಿದ. ಚೀಲದಿಂದ ಬಣ್ಣದ ಪಟ್ಟಿ ತೆಗೆದ. ಹೋಲಿಸಿದ. ಮುಖ ಸುಣ್ಣವಾಯಿತು.

"ನಲವತ್ತೇಳು!"

"ಏನು ನಲವತ್ತೇಳು?"

"ಹಳದಿ ಕಣೇ! ಅಂಗೈ ಹಳದಿ, ಮೂಗಿನ ತುದಿ ಹಳದಿ! ಕಾಮಾಲೆ! ಲಿವರ್ ಹೋಯ್ತು!"

ಹೆಂಡತಿ ಬಗ್ಗಿ ನೋಡಿದಳು. ಹಳದಿ ಅವಳಿಗೂ ಕಾಣುತ್ತಿತ್ತು.

ನಡೆಯಬಲ್ಲ ಮಗುವನ್ನು ಹೆಗಲಿಗೇರಿಸಿ ಸಾಹೇಬ ಓಡಿದ, ಹಿಂದೆ ಹೆಂಡತಿ. ದಾರಿಯುದ್ದಕ್ಕೂ "ಕಾಮಾಲೆ, ಕಾಮಾಲೆ" ಎಂದು ಡಂಗುರ! ಅವರು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಬೀದಿಯವರೆಲ್ಲ ಕುಡಿಯುವ ನೀರನ್ನು ಕುದಿಯಲಿಟ್ಟಿದ್ದರು. ಹೆಗಲ ಮೇಲಿನ ರೋಗಿ ಮಾತ್ರ ಎಲ್ಲರಿಗೂ ಕೈಬೀಸುತ್ತಿದ್ದಳು.

"ಮೂತ್ರ ಯಾವ ಬಣ್ಣ?" ಡಾಕ್ಟರಮ್ಮ ಕೇಳಿದರು.

"ಹದಿನೆಂಟು. ತೀರಾ ತಿಳಿ."

"ಮಲ?"

"ಅರವತ್ತೆಂಟು. ಇಟ್ಟಿಗೆ ಕಂದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಸ್ವಾಮೀ, ಇದು ಮಗು. ಗೋಡೆಯಲ್ಲ."

ಪುಟ್ಟಿಯ ಹೊಟ್ಟೆ ಒತ್ತಿ ನೋಡಿದರು. ಕಣ್ಣಿನ ಕೆಳರೆಪ್ಪೆ ಎಳೆದರು. "ಇದು ಯಾವ ನಂಬರೋ ಹೇಳಿ."

"ಒಂದು," ಸಾಹೇಬ ತೊದಲಿದ. "ಅಪ್ಪಟ ಬಿಳಿ."

"ಕಾಮಾಲೆ ಆಗಿದ್ರೆ ಇಲ್ಲೇ ಹಳದಿ ಇರ್ತಿತ್ತು. ಲಿವರ್ ಚೆನ್ನಾಗಿದೆ. ಏನು ತಿನ್ನಿಸ್ತಿದ್ದೀರಿ?"

"ಕ್ಯಾರೆಟ್. ದಿನಾ ದೊಡ್ಡ ಬಟ್ಟಲು. ಶಾಲೆ ಡಬ್ಬಿಗೂ ಅದೇ."

"ಆ ಬಣ್ಣವೇ ಚರ್ಮಕ್ಕೆ ಇಳಿದಿದೆ. ಅಪಾಯ ಏನಿಲ್ಲ. ಕ್ಯಾರೆಟ್ ಕಡಿಮೆ ಮಾಡಿ, ಬೇರೆ ತರಕಾರೀನೂ ಕೊಡಿ. ಕೆಲವು ವಾರದಲ್ಲಿ ತಾನೇ ಹೋಗುತ್ತೆ."

ಹೆಂಡತಿಗೆ ಹೋದ ಜೀವ ಬಂತು; ಜೊತೆಗೆ ಕೋಪವೂ ಬಂತು. "ಮಗೂಗೇ ಪೇಂಟ್ ಹೊಡೆದು ಕೂರಿಸಿದ್ರಲ್ರೀ! ಆಜ್ಞೆಯಂತೆ, ಆಜ್ಞೆ!"

ಸಾಹೇಬ ಅಂಗೈಯಿಂದ ಹಣೆಯ ಬೆವರು ಒರೆಸಿಕೊಂಡ.

"ಒಂದ್ನಿಮಿಷ. ನಿಮ್ಮ ಕೈ ತೋರಿಸಿ," ಎಂದರು ಡಾಕ್ಟರಮ್ಮ.

"ಅದು ಅಂಗಡಿ ಬಣ್ಣ. ಎರಡು ವಾರದಿಂದ ಟರ್ಪೆಂಟೈನ್ ಹಾಕಿ ಉಜ್ತಿದ್ದೀನಿ, ಹೋಗ್ತಾನೇ ಇಲ್ಲ."

ಡಾಕ್ಟರಮ್ಮ ಆ ಅಂಗೈಯನ್ನು ಪುಟ್ಟಿಯ ಅಂಗೈ ಪಕ್ಕದಲ್ಲಿಟ್ಟರು. ಒಂದೇ ಡಬ್ಬಿಯ ಬಣ್ಣ!

"ನಂಗೊಂದು ಚಮಚ, ಅಪ್ಪಂಗೊಂದು ಚಮಚ," ಪುಟ್ಟಿ ವಿವರಿಸಿದಳು. "ಅಪ್ಪ ತಿನ್ನದಿದ್ರೆ ನಾನೂ ತಿನ್ನಲ್ಲ. ಅಪ್ಪ ಮೂಗು ಮುಚ್ಕೊಂಡು ತಿಂತಾನೆ. ಕಣ್ಣಲ್ಲಿ ನೀರು ಬರುತ್ತೆ. ಅಮ್ಮಂಗೆ ಹೇಳ್ಬೇಡ ಅಂದಿದಾನೆ."

ಸಾಹೇಬನ ಬಣ್ಣ ಬಯಲಾಯಿತು. ಹೆಂಡತಿ ಅವನ ಕೈಯನ್ನೇ ನೋಡುತ್ತಿದ್ದಳು. ಬಯ್ಯಲು ಇನ್ನೂ ಸಾಕಷ್ಟು ಉಳಿದಿತ್ತು. ಆದರೆ ಎಲ್ಲಿಗೆ ನಿಲ್ಲಿಸಿದ್ದಳೋ ಅವಳಿಗೆ ನೆನಪಾಗಲಿಲ್ಲ.

ಅಂದು ಸಂಜೆ ಅವಳು ಹೂಕೋಸು ಬೇಯಿಸಿದಳು. "ಬಿಳಿ ರೀ. ಮೈಗೆ ಹತ್ತಿದ್ರೂ ಕಾಣಲ್ಲ" ಎಂದು ಬಟ್ಟಲು ತಂದಿಟ್ಟಳು. ಪಕ್ಕದಲ್ಲಿ ಎರಡು ಚಮಚ ಇಟ್ಟಳು.

ಹೂಕೋಸಿನ ವಾಸನೆಯೂ ಸಾಹೇಬನಿಗೆ ಆಗದು. ಆಜ್ಞೆ ಹೊರಡಿಸಲೆಂದು ಎದೆಯುಬ್ಬಿಸಿದ.

"ಮೊದಲು ನೀನು," ಎಂದಳು ಪುಟ್ಟಿ.

ಸೇನಾಪತಿ ಹೆಂಡತಿಯ ಕಡೆ ನೋಡಿದ. ಮೂಗು ಹಿಡಿದುಕೊಂಡ. ಕಣ್ಣು ಮುಚ್ಚಿದ. ಬಾಯಿ ತೆರೆದ. ಒಂದು ಮಾತೂ ಹೊರಬರಲಿಲ್ಲ. ಚಮಚ ಒಳಗೆ ಹೋಯಿತು.