ಹೆಂಡತಿಯ ಕಂಪ್ಯೂಟರಿಗೆ ಕೂಲರ್

ಅರ್ಥವಾಗದ ವಸ್ತು ಕಂಡರೆ ಕೇಳಿ ತಿಳಿದುಕೊಳ್ಳುವವರು ಇದ್ದಾರಂತೆ. ನಾನು ಮೂಗು ಮುರಿಯುವವನು. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ತೊಗರಿಬೇಳೆಯ ಚೀಲ ತೂಗಿಸುತ್ತಿರುವವನಿಗೆ ತಕ್ಕಡಿ ಏರದ ಯಾವುದೂ ಕೆಲಸ ಎನ್ನಿಸುವುದಿಲ್ಲ. ಆದ್ದರಿಂದ ನನ್ನ ಹೆಂಡತಿ ಶಶಿಕಲಾ ಮನೆಯ ಕಂಪ್ಯೂಟರನ್ನು ಹಗಲೆಲ್ಲ ಚಾಲೂ ಇಟ್ಟು ಶಾಲೆಗೆ ಹೋಗುವುದನ್ನು ಕಂಡು ನಾನು ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ.

ಅವಳು ಕುಸನೂರಿನಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರು. ಎಲ್ಲೋ ದೂರದ ವಿಜ್ಞಾನಿಗಳು ರೋಗಗಳ ಬಗ್ಗೆ ಮಾಡುವ ಭಾರಿ ಲೆಕ್ಕವನ್ನು ಚೂರು ಮಾಡಿ, ಇಷ್ಟಪಟ್ಟವರ ಮನೆಯ ಕಂಪ್ಯೂಟರುಗಳಿಗೆ ಹಂಚುತ್ತಾರಂತೆ. ಯಂತ್ರ ಬಿಡುವಿನಲ್ಲಿ ತನ್ನ ಚೂರನ್ನು ಬಿಡಿಸಿ ಗಡುವಿನೊಳಗೆ ವಾಪಸು ಕಳಿಸಬೇಕಂತೆ. ಅದೂ ಪುಕ್ಕಟೆ. "ಮಂದಿ ಲೆಕ್ಕ ನಿನಗ್ಯಾಕ? ಅವರಿಗೆ ಮಗ್ಗಿ ಬರಂಗಿಲ್ಲೇನು?" ಎಂದಿದ್ದೆ. "ದಾಸೋಹ ಅಂತ ತಿಳ್ಕೋರಿ. ಶರಣಬಸವೇಶ್ವರ ಗುಡ್ಯಾಗ ನೀವು ಉಳ್ಳಾಗಡ್ಡಿ ಹೆಚ್ಚೂಮುಂದ ಉಣ್ಣೋರ ಹೆಸರು ಕೇಳ್ತೀರೇನು?" ಎಂದಳು. ನಾನು ಪೇಪರ್ ಕೈಗೆತ್ತಿಕೊಂಡೆ. ಅವತ್ತು ಜಾಹೀರಾತು ಬಿಡದೆ ಓದಿದೆ.

ಹೋದ ದೀಪಾವಳಿಯ ಮುಂಚೆ ಅವಳು ತೀರಿಕೊಂಡಳು. ಜ್ವರವೆಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವಳು. ಆಮೇಲೆ ಕೆಲವು ತಿಂಗಳು ನನ್ನ ಉದ್ಯೋಗ ಅವಳ ಹೆಸರು ತೆಗೆಸುವುದೇ ಆಯಿತು. ರೇಷನ್ ಕಾರ್ಡು, ಬ್ಯಾಂಕು, ಶಾಲೆಯ ಹಾಜರಿ ಪುಸ್ತಕ. ಒಂದು ಕೌಂಟರಿನಲ್ಲಿ ಮಹಾ ಬುದ್ಧಿವಂತನೊಬ್ಬ ಅರ್ಜಿ ನೋಡಿ, "ಮೃತರ ಸಹಿ ಎಲ್ಲದರೀ?" ಎಂದ. ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಅವಳ ಹೆಸರಿನ ಮುಂದೆ, ಕೆಲಸ ಸಾಗಿದೆ ಎಂದು ತೋರಿಸುವ ಹಸಿರು ಗೆರೆ ಓಡುತ್ತಿತ್ತು. ಅದೊಂದನ್ನು ಆರಿಸಲು ನನ್ನಿಂದ ಆಗಲಿಲ್ಲ.

ಏಪ್ರಿಲ್ ಬಂದದ್ದೇ ತಡ, ಯಂತ್ರ ಕಾದು ಕಾದು ನಡುವೆಯೇ ನಿಲ್ಲತೊಡಗಿತು. ಎರಡು ಚೂರುಗಳ ಗಡುವು ತಪ್ಪಿ, ಅವು ಬೇರೆಯವರ ಪಾಲಾದವು. ಇದ್ದ ಇನ್ನೊಂದಕ್ಕೆ ಎರಡು ದಿನ ಉಳಿದಿತ್ತು. ವಿಧಿಯಿಲ್ಲದೆ ಅವಳ ತಮ್ಮ ಸಿದ್ದಣ್ಣನಿಗೆ ಫೋನ್ ಮಾಡಿದೆ. ಕಮಲಾಪುರದಲ್ಲಿ ಅವನದು ಮೊಬೈಲ್ ಅಂಗಡಿ. ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸುವುದನ್ನು ತಂತ್ರಜ್ಞಾನ ಎನ್ನುವ ಮನುಷ್ಯ. ಅವನು ತರುವ ಕೆಂಪು ಬಾಳೆಹಣ್ಣಿನ ಬಗ್ಗೆ ನನಗಿರುವ ಗೌರವ ಅವನ ಬಗ್ಗೆ ಇರಲಿಲ್ಲ. "ಕೂಲರ್‌ನಾಗ ಧೂಳ ತುಂಬಿರ್ತದ ಮಾಮಾ. ಕೂಲರ್ ಸ್ವಚ್ಛ ಮಾಡ್ರಿ, ಎಲ್ಲಾ ಸರಿ ಆಗ್ತದ" ಎಂದು ಫೋನಿಟ್ಟ.

ಕಲಬುರಗಿಯವನಿಗೆ ಕೂಲರ್ ಎಂದರೆ ಒಂದೇ: ಕಿಟಕಿಗೆ ಆನಿಸಿಟ್ಟ, ಹುಲ್ಲು ಹೊದ್ದ, ನೀರು ಕುಡಿಯುವ ತಗಡಿನ ಡಬ್ಬಿ. ಅದನ್ನು ಬಿಚ್ಚಿ ತೊಳೆದೆ. ಹೊಸ ಹುಲ್ಲು ಹಾಕಿ, ನಾಲ್ಕು ಕೊಡ ನೀರು ಸುರಿದು, ಮುಖವನ್ನು ಕಂಪ್ಯೂಟರಿನ ಕಡೆ ತಿರುಗಿಸಿದೆ. ಗಾಳಿ ಚೆನ್ನಾಗಿ ಒಳಹೋಗಲೆಂದು ಪೆಟ್ಟಿಗೆಯ ಬದಿಯ ತಗಡನ್ನೂ ತೆಗೆದೆ. ಅರ್ಧ ತಾಸು ಹುಲ್ಲಿನ ಘಮದಲ್ಲಿ ಇಬ್ಬರೂ ತಣ್ಣಗೆ ಕುಳಿತಿದ್ದೆವು, ನಾನು ಮತ್ತು ಯಂತ್ರ. ಆಮೇಲೆ ಅದು 'ಟಪ್' ಎಂದು ಆರಿತು. ಒಳಗೆಲ್ಲ ತುಂತುರು ಹನಿ.

ನನ್ನ ಬೈಗುಳ ತಡೆಯಲಾರದೆ ಸಿದ್ದಣ್ಣ ಮರುದಿನ ಬೆಳಿಗ್ಗೆಯ ಬಸ್ಸಿಗೇ ಬಂದ. ನೋಡಿದವನು ನೆಲದ ಮೇಲೆ ಕುಳಿತು ನಕ್ಕ. "ಯಪ್ಪಾ! ಕಂಪ್ಯೂಟರಿನ ಒಳಗೇ ಒಂದು ಸಣ್ಣ ಫ್ಯಾನ್ ಇರ್ತದ ಮಾಮಾ, ಅದಕ್ಕೂ ಕೂಲರ್ ಅಂತಾರ. ನೀವು ಇಡೀ ಮಷೀನಿಗೆ ಜಳಕಾ ಮಾಡ್ಸೀರಲ್ರೀ!"

"ಬಿಡಿಸಿ ಹೇಳ್ಲಿಕ್ಕೆ ನಿನಗೇನಾಗಿತ್ತೋ?"

ಪುಣ್ಯಕ್ಕೆ ಏನೂ ಸುಟ್ಟಿರಲಿಲ್ಲ. ಒರೆಸಿ, ಒಣಗಿಸಿ, ಆ ಸಣ್ಣ ಫ್ಯಾನನ್ನು ಬಿಚ್ಚಿದ. ಕೆಳಗಿನ ಲೋಹದ ಹಲ್ಲುಗಳ ನಡುವೆ ಕಂಬಳಿಯಂತೆ ಹಳದಿ ಪದರ. ಚಿವುಟಿ ಮೂಸಿ ನೋಡಿದ.

"ಮಾಮಾ, ಇದು ತೊಗರಿ ಹೊಟ್ಟು. ಮಿಲ್ಲಿಂದ ಬಂದು ಅಂಗಿ ಎಲ್ಲಿ ಹಾಕ್ತೀರಿ?"

ಕಂಪ್ಯೂಟರಿನ ನೆತ್ತಿಗೆ ಸರಿಯಾಗಿ ಗೋಡೆಯಲ್ಲಿದ್ದ ಮೊಳೆಯನ್ನು ತೋರಿಸಿದೆ. ಅವನ ನಗು ನಿಂತಿತು. "ಅಕ್ಕ ಐತಾರಕ್ಕೊಮ್ಮೆ ಇದನ್ನ ಬಿಚ್ಚಿ ಬ್ರಶ್ ಹೊಡೀತಿದ್ಳು. ಬ್ರಶ್ ನನ್ನ ಅಂಗಡಿಂದೇ ಒಯ್ತಿದ್ಳು. 'ನಿಮ್ಮ ಮಾಮಾಗ ಹೇಳಬ್ಯಾಡೋ, ಅವರ ಕೆಲಸಕ್ಕ ಹೆಸರಿಟ್ಟಂಗ ಆಗ್ತದ' ಅಂತಿದ್ಳು."

ಭಾನುವಾರ ಮಧ್ಯಾಹ್ನ ನಾನು ಉಂಡು ಮಲಗುತ್ತಿದ್ದೆ. ಅವಳ ಕೆಲಸಕ್ಕೆ ನಾನು ಎಷ್ಟು ಸಲ ಹೆಸರಿಟ್ಟು ಮೂಗು ಮುರಿದಿದ್ದೆನೋ, ಲೆಕ್ಕ ಮಾಡಲು ಯಾವ ದೇಶದ ಕಂಪ್ಯೂಟರೂ ಸಾಲದು.

ಸಿದ್ದಣ್ಣ ಹೊಟ್ಟು ಕೆರೆದು ತೆಗೆದ, ಫ್ಯಾನಿನ ಕೆಳಗೆ ಶಾಖ ದಾಟಿಸುವ ಹೊಸ ಪೇಸ್ಟ್ ಹಚ್ಚಿದ, ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಟ್ಟ, ಬಿಸಿಲೇರಿದಾಗ ಅರ್ಧ ಬಲದಲ್ಲಷ್ಟೇ ಓಡುವಂತೆ ಹೊಂದಿಸಿದ. ಮರುದಿನ ಗಡುವಿಗೆ ಮುಂಚೆಯೇ ಶಶಿಕಲಾಳ ಹೆಸರಿನಲ್ಲಿ ಆ ಚೂರು ಹೋಯಿತು. ತಂತ್ರಜ್ಞಾನದ ಬಗ್ಗೆ ಅವನ ಮಾತನ್ನು ಈಗ ತುಸು ಸಹಿಸಿಕೊಳ್ಳುತ್ತೇನೆ.

ಸಂಜೆ ಮಿಲ್ಲಿನಿಂದ ಬಂದವನು ಮೆಟ್ಟಿಲ ಮೇಲೇ ನಿಂತು ಅಂಗಿ ಕಳಚಿ ಝಾಡಿಸುತ್ತೇನೆ. ಮೊನ್ನೆ ಎದುರು ಮನೆಯ ಖಾಜಾಸಾಬ್ ಕೇಳಿಯೇಬಿಟ್ಟರು: "ಕ್ಯಾ ಜನಾಬ್, ಇಷ್ಟು ವರ್ಷ ಝಾಡಿಸ್ಲಿಲ್ಲ. ಈಗ ಮನ್ಯಾಗ ಯಾರ ಅಂಜಿಕೀರೀ ನಿಮಗ?"

"ಕಂಪ್ಯೂಟರಿಂದ್ರೀ" ಎಂದು, ಕಾಲರನ್ನೂ ಮಗುಚಿ ಇನ್ನೊಮ್ಮೆ ಝಾಡಿಸಿದೆ.